ಹೊನ್ನಪ್ಪನ ಫಾರಿನ್ ಆಳು

ಹೊನ್ನಪ್ಪ ಕೆಟ್ಟದ್ದು ಕೆ.ಆರ್. ಪೇಟೆಯ ಒಂದು ಬೀಗರೂಟದಲ್ಲಿ, ಅದೂ ಎರಡನೆಯ ಸಲ ಮಾಂಸ ಬಡಿಸುವ ಹೊತ್ತಿನಲ್ಲಿ. ಅಂಥ ಹೊತ್ತಿನಲ್ಲಿ ಮನುಷ್ಯನಾದವನು ಕೈಯನ್ನು ಎಲೆಯ ಮೇಲಿಟ್ಟುಕೊಂಡು ತೆಪ್ಪಗೆ ಅಗಿಯುತ್ತಿರಬೇಕು. ಹೊನ್ನಪ್ಪ ಮಾತಾಡಿದ. ಅವತ್ತು ಅವನು ಮಾತಾಡದೆ ಇದ್ದಿದ್ದರೆ ಅವನ ಹೆಂಡತಿ ಚಿಕ್ಕಬೋರಮ್ಮನ ಬಲತೋಳು ಇಷ್ಟು ಹಾಳಾಗುತ್ತಿರಲಿಲ್ಲ.

ಪಂಕ್ತಿಯಲ್ಲಿ ಅವನ ಎದುರು ಕುಳಿತಿದ್ದವನು ಚಿಕ್ಕಬೋರಮ್ಮನ ತಮ್ಮ ಲೋಕೇಶ. ಮಸ್ಕತ್ತಿನಿಂದ ರಜಕ್ಕೆ ಬಂದಿದ್ದ. ಅಲ್ಲಿ ಅವನು ಮಾಡುವ ಕೆಲಸ ಏನೆಂದು ನೆಂಟರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ಅವನ ಸೆಂಟಿನ ವಾಸನೆ ಮಾತ್ರ ಮಸಾಲೆಯ ವಾಸನೆಯನ್ನೂ ಮೀರಿ ಬೀದಿಯ ತನಕ ಹೋಗುತ್ತಿತ್ತು. ಚಪ್ಪರದ ನೆರಳಲ್ಲೂ ಕಪ್ಪು ಕನ್ನಡಕ ತೆಗೆಯದೆ, ಮೂಳೆ ಯಾವುದು ತುಂಡು ಯಾವುದು ಎಂದು ತಡವಿ ನೋಡಿಕೊಂಡು ತಿನ್ನುತ್ತಿದ್ದ. ತುತ್ತಿಗೊಂದು ಸಲ, "ಫಾರಿನ್ನಲ್ಲಿ ಇಂಗಲ್ಲ ಭಾವ" ಎನ್ನುತ್ತಿದ್ದ. ಸಾರಿಗೂ ಅದೇ ಮಾತು, ನೀರಿಗೂ ಅದೇ ಮಾತು, ಕೊನೆಗೆ ಬಾಳೆಲೆಗೂ ಅದೇ ಮಾತು.

ಹೊನ್ನಪ್ಪನಿಗೆ ತಡೆಯಲಾಗಲಿಲ್ಲ.

"ಲೋ ಲೋಕೇಸ, ನೀನು ಕೂಲಿ ಮಾಡಕ್ಕೆ ಫಾರಿನ್ಗೆ ಓಗಿದ್ದೀಯ. ನನ್ನ ಓಟ್ಲಿಗೆ ಫಾರಿನ್ನೋನೇ ಕೂಲಿ ಮಾಡಕ್ಕೆ ಬಂದವ್ನೆ ಕಣ್ಲಾ!"

ಇಡೀ ಪಂಕ್ತಿ ನಕ್ಕಿತು. ಬಡಿಸುವವನು ಖುಷಿಯಾಗಿ ಹೊನ್ನಪ್ಪನ ಎಲೆಗೆ ಇನ್ನೊಂದು ಸೌಟು ಹಾಕಿದ.

ಫಾರಿನ್ನವನು ಎಂದರೆ ಬಹದ್ದೂರ, ನೇಪಾಳದ ಗೂರ್ಖ. ಪಾಂಡವಪುರದ ಅಂಗಡಿಬೀದಿಯಲ್ಲಿ ಸೀಟಿ ಊದಿಕೊಂಡು ಕಾವಲು ತಿರುಗುತ್ತಿದ್ದವನು, ಒಂದು ಬೆಳಗ್ಗೆ ಬಸ್ ನಿಲ್ದಾಣದ ಪಕ್ಕದ ಹೊನ್ನಪ್ಪನ ಮಿಲಿಟರಿ ಹೋಟೆಲಿಗೆ ಟೀ ಕುಡಿಯಲು ಬಂದ. ಒಳಗೆ ಚಿಕ್ಕಬೋರಮ್ಮ ತೋಳು ಎತ್ತಲಾಗದೆ ಮುದ್ದೆಯ ಪಾತ್ರೆ ಮುಂದೆ ಅಳುತ್ತ ಕೂತಿದ್ದಳು. ವರ್ಷಾನುಗಟ್ಟಲೆ ಊರಿಗೆಲ್ಲ ಮುದ್ದೆ ತಿರುವಿ ತಿರುವಿ ಅವಳ ಹೆಗಲಿನ ಕೀಲು ಸವೆದುಹೋಗಿತ್ತು. ಬಹದ್ದೂರ ಟೀ ಲೋಟ ಕೆಳಗಿಟ್ಟು, ಅವಳ ಕೈಯಿಂದ ಮುದ್ದೆ ಕೋಲು ಇಸಿದುಕೊಂಡು ತಿರುವಿದ. ಗಂಟಿಲ್ಲದ, ನುಣ್ಣನೆಯ ಮುದ್ದೆ. "ನಮ್ಮ ಬೆಟ್ಟದಾಗೂ ರಾಗಿ ಬೆಳೀತಾರೆ ಅವ್ವ, ನಮ್ಮಮ್ಮಾನೂ ಇಂಗೇ ತಿರುವ್ತಾಳೆ" ಎಂದ. ಅವತ್ತಿನಿಂದ ಸೀಟಿ ಬಿಟ್ಟು ಕೋಲು ಹಿಡಿದ. ಮೈಸೂರಿನ ಡಾಕ್ಟರು ಚಿಕ್ಕಬೋರಮ್ಮನಿಗೆ, "ಇನ್ನೊಂದು ಸಲ ಆ ಕೋಲು ಮುಟ್ಟಿದರೆ ತೋಳು ನಿಮ್ಮದಲ್ಲ ಅಂತ ತಿಳ್ಕೊಳ್ಳಿ" ಎಂದು ಹೇಳಿ ಕಳಿಸಿದ್ದರು. ಹೀಗಾಗಿ ಆ ಹೋಟೆಲೂ ಆ ತೋಳೂ ಬಹದ್ದೂರನನ್ನು ನಂಬಿಕೊಂಡು ನಡೆಯುತ್ತಿದ್ದವು.

ಬೀಗರೂಟದ ನಗು ಇನ್ನೂ ನಿಂತಿರಲಿಲ್ಲ. ಲೋಕೇಶ ಮೊದಲ ಸಲ ಕನ್ನಡಕ ತೆಗೆದ.

"ಪರ್ಮಿಟ್ ಮಾಡ್ಸಿದ್ದೀಯಾ ಭಾವ?"

"ಏನು ಪರ್ಮಿಟ್ಟು?"

"ಅಯ್ಯೋ ಭಾವ! ಫಾರಿನ್ನೋನ್ನ ಕೆಲ್ಸಕ್ಕೆ ಇಟ್ಕೊಳೋದು ಅಂದ್ರೆ ಎಮ್ಮೆ ಕಟ್ಕೊಂಡಂಗಾ? ಧಣಿಯಾದೋನು ರೂಮು ಕೊಡ್ಬೇಕು. ಡಾಕ್ಟ್ರ ತಾವ ತೋರುಸ್ಬೇಕು. ವಾಪಸ್ ಅವನ ದೇಸಕ್ಕೆ ಕಳ್ಸೋ ಖರ್ಚು ವಯಿಸ್ಕೋಬೇಕು. ಅದೆಲ್ಲಾದಕ್ಕಿಂತ ಮೊದ್ಲು, ಈ ಕೆಲ್ಸ ಮಾಡಕ್ಕೆ ನಮ್ಮೋರು ಒಬ್ರೂ ಇಲ್ಲ ಅಂತ ಸರ್ಕಾರದ ಮುಂದೆ ರುಜುವಾತು ಮಾಡ್ಬೇಕು. ಇಲ್ದಿದ್ರೆ ಧಣೀನೇ ಒಳಕ್ಕೆ!"

ಇದು ಮಸ್ಕತ್ತಿನ ಕಾನೂನೋ, ಲೋಕೇಶನೇ ಮಾಡಿದ ಕಾನೂನೋ, ಕೇಳುವಷ್ಟು ಬುದ್ಧಿ ಆ ಪಂಕ್ತಿಯಲ್ಲಿ ಯಾರಿಗೂ ಇರಲಿಲ್ಲ. ಎರಡು ಎಲೆ ಆಚೆ ಕಿಟ್ಟಿ ಕುಳಿತಿದ್ದ. ಹೊನ್ನಪ್ಪನ ಹೋಟೆಲಿನ ಎದುರು ಹೋಟೆಲಿನ ಮಾಲೀಕ. ಅವನ ಹೋಟೆಲಿನಲ್ಲಿ ನೊಣಕ್ಕೆ ಹೆಚ್ಚು ವ್ಯಾಪಾರ, ಗಿರಾಕಿಗೆ ಕಡಿಮೆ. ಅವನು ಎಲೆಯಿಂದ ತಲೆಯೆತ್ತದೆ ನಿಧಾನವಾಗಿ, "ಅಂಗಾದ್ರೆ ಇದು ಪೊಲೀಸ್ ಕೇಸು ಅನ್ನಿ" ಎಂದ. ಕಿಟ್ಟಿ ಮೂಗರ್ಜಿ ಬರೆಯುವುದರಲ್ಲಿ ಹೆಸರಾದವನು. ಹೊನ್ನಪ್ಪ ಆಮೇಲೆ ಬಂದ ಪಾಯಸವನ್ನೂ ಬೇಡ ಎಂದ.

ಪಾಂಡವಪುರಕ್ಕೆ ಬಂದವನೇ ಕಾನೂನು ಪಾಲಿಸಲು ಸುರುಮಾಡಿದ. ಬೆಂಚಿನ ಮೇಲೆ ಮಲಗುತ್ತಿದ್ದ ಬಹದ್ದೂರನಿಗೆ ರಾಗಿ ಮೂಟೆಯ ಕೋಣೆ ಖಾಲಿ ಮಾಡಿಕೊಟ್ಟ. ಮೂಟೆಗಳು ಬೆಂಚಿನ ಮೇಲೆ ಮಲಗಿದವು. ಮಾರನೆಯ ದಿನ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

"ಏನು ಕಾಯಿಲೆ?" ಎಂದರು ಡಾಕ್ಟರು.

"ಏನಿಲ್ಲ ಸಾ, ಫಾರಿನ್ನೋನು."

ಡಾಕ್ಟರು ಇಬ್ಬರನ್ನೂ ನೋಡಿದರು. ನಾಲಿಗೆ ಚಾಚಿಸಿದ್ದು ಮಾತ್ರ ಹೊನ್ನಪ್ಪನದು.

ಹಿಂದಿರುಗುವ ದಾರಿಯಲ್ಲಿ ಹೊನ್ನಪ್ಪ ಕೇಳಿದ: "ನಿಮ್ಮೂರ್ಗೆ ಓಗಕ್ಕೆ ಚಾರ್ಜು ಎಷ್ಟಾಯ್ತದ್ಲಾ?"

ಬಹದ್ದೂರ ರಸ್ತೆಯಲ್ಲೇ ನಿಂತುಬಿಟ್ಟ. "ಯಾಕಣ್ಣ? ಓಡಿಸ್ತೀರಾ ನನ್ನ? ನಾನೇನು ತಪ್ಪು ಮಾಡ್ದೆ?"

"ಓಡ್ಸಾದಲ್ಲ ಕಣ್ಲಾ, ಇದು ನಿನ್ನ ಉಳಿಸ್ಕೊಳಕ್ಕೆ!" ಎಂದ ಹೊನ್ನಪ್ಪ. ಉಳಿಸಿಕೊಳ್ಳುವುದಕ್ಕೆ ವಾಪಸ್ ಹೋಗುವ ಚಾರ್ಜು ಯಾಕೆ ಕೇಳಬೇಕು ಎಂಬುದು ಬಹದ್ದೂರನಿಗೆ ಹೊಳೆಯಲಿಲ್ಲ. ಅದು ಯಾರಿಗೂ ಹೊಳೆಯುವಂಥದ್ದಲ್ಲ. ಅವತ್ತಿನಿಂದ ಬಹದ್ದೂರ ಉಣ್ಣುವುದು ಕಡಿಮೆ ಮಾಡಿದ, ಯಾರಾದರೂ ಗಟ್ಟಿಯಾಗಿ ಕೂಗಿದರೆ ಬೆಚ್ಚಿ ತಿರುಗಿ ನೋಡತೊಡಗಿದ.

ಉಳಿದದ್ದು ಲೋಕೇಶ ಹೇಳಿದ ದೊಡ್ಡ ಷರತ್ತು: ನಮ್ಮವರಲ್ಲಿ ಈ ಕೆಲಸ ಬಲ್ಲವರು ಯಾರೂ ಇಲ್ಲ ಎಂಬ ರುಜುವಾತು. ಅದಕ್ಕೆ ಹೊನ್ನಪ್ಪ ಚಿಕ್ಕಸ್ವಾಮಿಯ ಹತ್ತಿರ ಹೋದ. ಚಿಕ್ಕಸ್ವಾಮಿ ಕಚೇರಿಗಳ ಮುಂದೆ ಮರದ ಕೆಳಗೆ ಕೂತು ಜನರಿಗೆ ಅರ್ಜಿ ಬರೆದುಕೊಡುವವನು. ಕಾಯಿದೆ ಓದಿದವನಲ್ಲ. ಆದರೆ ಕಾಯಿದೆ ಓದಿದವರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ.

"ಸುಲಭ ಕಣೋ" ಎಂದ ಚಿಕ್ಕಸ್ವಾಮಿ. "ಸಾರ್ವಜನಿಕ ಪ್ರಕಟಣೆ ಮಾಡ್ಸು. ಇಲ್ಲಿ ಯಾರ್ಗೂ ಮುದ್ದೆ ತಿರುವಕ್ಕೆ ಬರಲ್ಲ, ತಕರಾರು ಇದ್ದೋರು ಬನ್ನಿ ಅಂತ ಸಾರ್ಸು. ಯಾರೂ ಬರ್ಲಿಲ್ಲ ಅನ್ನು, ಯಾರ್ಗೂ ಬರಲ್ಲ ಅಂತ ರುಜುವಾತಾಯ್ತು."

ಹೊನ್ನಪ್ಪನಿಗೆ ಇದು ಬಹಳ ಚೆನ್ನಾಗಿ ಕಂಡಿತು. ಚಿಕ್ಕಬೋರಮ್ಮ ಕೇಳಿ ತಲೆ ಚಚ್ಚಿಕೊಂಡಳು.

"ಈ ಸೀಮೇಲಿ ಇಟ್ಟು ತಿರುವೋರಿಲ್ಲ ಅಂತ ಸಾರುಸ್ತೀರಾ? ನಿಮ್ಗೇನು ಮಂಕು ಬಡ್ದದಾ? ಸುಮ್ಕೆ ಇರಿ ಕನಿ, ಆ ಮಗ ಅವನ ಪಾಡ್ಗೆ ಅವ್ನೆ."

"ಅದು ಕಾನೂನಿನ ಮಾತು ಕಣಮ್ಮಿ. ಕಾನೂನಿನ ಮಾತ ಯಾರೂ ಮನಸ್ಗೆ ಅಚ್ಕೊಳಲ್ಲ" ಎಂದ ಹೊನ್ನಪ್ಪ. ಇಷ್ಟು ಧೈರ್ಯವಾಗಿ ಇಷ್ಟು ತಪ್ಪಾದ ಮಾತನ್ನು ಆ ತಾಲ್ಲೂಕಿನಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

ತಮಟೆಯ ಬೋರಯ್ಯನಿಗೆ ಚಿಕ್ಕಸ್ವಾಮಿ ಪ್ರಕಟಣೆಯನ್ನು ಬಾಯಿಪಾಠ ಮಾಡಿಸಿದ. ಬೋರಯ್ಯ ಅರ್ಧಕ್ಕೇ ನಿಲ್ಲಿಸಿ, "ಇದ ಸಾರ್ಬುಟ್ಟು ಮನೆಗೋದ್ರೆ ನನ್ನೆಂಡ್ರು ನಂಗೆ ಇಟ್ಟಾಕ್ತಾಳಾ ಯಜಮಾನ್ರೇ?" ಎಂದ. ಆದರೂ ಕಸುಬು ಕಸುಬೇ. ಸಂತೆಯ ನಡುವೆ ನಿಂತು ತಮಟೆ ಬಡಿದು ಸಾರಿದ: "ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಪಾಂಡವಪುರವೂ ಸೇರಿದಂತೆ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ರಾಗಿಮುದ್ದೆಯನ್ನು ಗಂಟಿಲ್ಲದಂತೆ ತಿರುವಲು ಶಕ್ತರಾದ ಹೆಂಗಸಾಗಲಿ ಗಂಡಸಾಗಲಿ ಇಲ್ಲದ ಪ್ರಯುಕ್ತ, ಹೋಟೆಲ್ ಹೊನ್ನಪ್ಪನವರು ವಿದೇಶದ ಆಳನ್ನು ನೇಮಿಸಿಕೊಂಡಿರುತ್ತಾರೆ! ತಕರಾರು ಇದ್ದವರು ಸೋಮವಾರ ಬೆಳಗ್ಗೆ ಸದರಿ ಹೋಟೆಲಿನ ಮುಂದೆ ಹಾಜರಾಗತಕ್ಕದ್ದು!"

ಸೊಪ್ಪು ಮಾರುವವಳ ಕೈಯಲ್ಲಿ ಕಂತೆ ಹಾಗೇ ನಿಂತಿತು. ಆಮೇಲೆ ಎದ್ದ ಗದ್ದಲಕ್ಕೆ ಬೋರಯ್ಯ ತಮಟೆ ಕಂಕುಳಲ್ಲಿಟ್ಟುಕೊಂಡು ಓಡಬೇಕಾಯಿತು.

ಸುದ್ದಿ ಬಸ್ಸು ಹತ್ತಿತು. ಬೆಳಗೊಳದಲ್ಲಿ ಇಳಿಯುವ ಹೊತ್ತಿಗೆ, ನಮ್ಮ ಹೆಂಗಸರಿಗೆ ಅಡುಗೆಯೇ ಬರುವುದಿಲ್ಲವಂತೆ ಎಂದಾಯಿತು. ಶ್ರೀರಂಗಪಟ್ಟಣದಲ್ಲಿ, ಮುದ್ದೆ ತಿರುವುವ ಕೆಲಸವನ್ನೆಲ್ಲ ಫಾರಿನ್ನವರಿಗೇ ಕೊಡಲು ಸರ್ಕಾರ ತೀರ್ಮಾನ ಮಾಡಿದೆ ಎಂದಾಯಿತು. ಹೊಣಕೆರೆಯಲ್ಲಿ ಒಬ್ಬ ಅಜ್ಜಿ ಊಟ ಬಿಟ್ಟಳು. "ನಾನು ಎತ್ತು ಬೆಳ್ಸಿದ್ ಮಕ್ಳು ಏನು ಮಣ್ಣು ತಿಂದು ಬೆಳುದ್ವಾ?" ಎಂದು ಅವಳು ಅತ್ತದ್ದನ್ನು ಕಂಡವರು, ಹೊನ್ನಪ್ಪನ ವಂಶವನ್ನೇ ಸೇರಿಸಿ ಬೈದರು.

ಸೋಮವಾರ ಬೆಳಗ್ಗೆ ಜನ ಬಂದರು. ಎಲ್ಲರ ಕೈಯಲ್ಲೂ ಮುದ್ದೆ ಕೋಲು. ತೇಗದ ಕೋಲು, ಹುಣಸೆಯ ಕೋಲು, ಅತ್ತೆಯಿಂದ ಸೊಸೆಗೆ ಬಂದು ಕರ್ರಗೆ ಮಿರುಗುವ ಕೋಲು. ಎಲ್ಲರಿಗಿಂತ ಮುಂದೆ ಇದ್ದವಳು ತಮಟೆ ಬೋರಯ್ಯನ ಹೆಂಡತಿ ಚಿಕ್ಕಮ್ಮ. ಅವಳ ಹಿಂದೆ ತಲೆ ತಗ್ಗಿಸಿಕೊಂಡು ಬೋರಯ್ಯ, ಅವನ ಹಿಂದೆ ತನ್ನ ಹೋಟೆಲಿಗೆ ಬಾಗಿಲು ಹಾಕಿ ಬಂದ ಕಿಟ್ಟಿ, ಕನ್ನಡಕ ಕೈಯಲ್ಲಿ ಹಿಡಿದು ತಮಾಷೆ ನೋಡಲು ಬಂದ ಲೋಕೇಶ. ಗಲಾಟೆಯಾದೀತೆಂದು ಹೆಡ್ ಕಾನ್‌ಸ್ಟೇಬಲ್ ದೇವಯ್ಯನೂ ಬಂದಿದ್ದ, ಅವನ ಕೈಯಲ್ಲಿ ಲಾಠಿ.

"ಎಲ್ಲವ್ನೆ ಆ ಫಾರಿನ್ನೋನು?" ಎಂದು ಕಿರುಚಿದಳು ಚಿಕ್ಕಮ್ಮ. "ಕರೀರಿ ಈಚ್ಗೆ! ಇವತ್ತು ಅವ್ನೋ ನಾವೋ, ನೋಡೇ ಬುಡವ!"

"ಕರೀರಿ! ಕರೀರಿ!" ಎಂದಿತು ಗುಂಪು, ಕೋಲುಗಳನ್ನು ಮೇಲೆತ್ತಿ.

ಅವರು ಕೇಳಿದ್ದು ಪಂದ್ಯ. ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಬಹದ್ದೂರ ಕಿಂಡಿಯಲ್ಲಿ ಇಣುಕಿದ. ಅವನಿಗೆ ಕಂಡದ್ದು ತನ್ನನ್ನು ಈಚೆಗೆ ಕರೀರಿ ಎಂದು ಕೂಗುತ್ತಿರುವ ಒಂದು ಊರು, ಊರಿನ ಕೈಯಲ್ಲಿ ದೊಣ್ಣೆ, ದೊಣ್ಣೆಗಳ ನಡುವೆ ಪೊಲೀಸು. ಅವನು ಕೈ ಒರೆಸಿಕೊಳ್ಳಲೂ ನಿಲ್ಲಲಿಲ್ಲ. ಹಿತ್ತಲ ಗೋಡೆ ಹತ್ತಿ ಆಚೆಗೆ ಹಾರಿದ. ನೋಡಿದವಳು ಚಿಕ್ಕಬೋರಮ್ಮ ಒಬ್ಬಳೇ. "ಬ್ಯಾಡ ಕಣಪ್ಪ, ನಿಂತ್ಕೋ, ನಿನ್ನ ಒಡಿಯಕ್ಕಲ್ಲ ಬಂದಿರಾದು!" ಎಂದು ಗೋಡೆಯ ತನಕ ಓಡಿದಳು. ಮುಂಬಾಗಿಲ ಗದ್ದಲದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಇತ್ತ ಪಂದ್ಯ ಶುರುವಾಗಿಯೇ ಬಿಟ್ಟಿತ್ತು. ಬೀದಿಯಲ್ಲೇ ಕಲ್ಲು ಹೂಡಿ ಒಲೆ ಹಚ್ಚಿದರು. ರಾಗಿಹಿಟ್ಟು ಹೊನ್ನಪ್ಪನದು, ಸೌದೆ ಹೊನ್ನಪ್ಪನದು, ಬೈಗುಳ ಮಾತ್ರ ಅವರವರದು. ಒಬ್ಬೊಬ್ಬಳೂ ತಿರುವಿ, ಉಂಡೆ ಕಟ್ಟಿ, ತಂದು ಹೊನ್ನಪ್ಪನ ಮೂಗಿನ ಮುಂದೆ ಹಿಡಿದು, "ಗಂಟದಾ? ಎಲ್ಲದೆ ತೋರ್ಸು" ಎನ್ನುವಳು. ಹೊನ್ನಪ್ಪ, "ಇಲ್ಲ ತಾಯಿ" ಎನ್ನುವನು. ಮಧ್ಯಾಹ್ನದ ಹೊತ್ತಿಗೆ ಮುದ್ದೆಗಳು ಜಗಲಿ ತುಂಬಿ, ಬೆಂಚು ತುಂಬಿ, ಸೈಕಲ್ಲಿನ ಕ್ಯಾರಿಯರ್ ಮೇಲೂ ಒಂದು ಕೂತಿತ್ತು.

ಆಗ ಎಲ್ಲಿಗೋ ಹೊರಟಿದ್ದ ಪೊಲೀಸ್ ಇನ್‌ಸ್ಪೆಕ್ಟರ ಜೀಪು ದಾರಿಯಿಲ್ಲದೆ ನಿಂತಿತು. ದೇವಯ್ಯ ಸಲ್ಯೂಟ್ ಹೊಡೆದು ವಿಷಯ ಹೇಳಿದ. ಇನ್‌ಸ್ಪೆಕ್ಟರು ಕೇಳುತ್ತ ಕೇಳುತ್ತ ಟೋಪಿ ತೆಗೆದು ಹಣೆ ಒರೆಸಿಕೊಂಡರು.

"ಯಾವ ದೇಶದವನು ಅಂದ್ರಿ?"

"ನೇಪಾಳ ಸಾ" ಎಂದ ಹೊನ್ನಪ್ಪ.

"ಅಲ್ರೀ, ನೇಪಾಳದವರು ಇಲ್ಲಿ ಕೆಲಸ ಮಾಡೋದಕ್ಕೆ ಪರ್ಮಿಟ್ಟೂ ಬೇಡ, ಏನೂ ಬೇಡ. ಎರಡು ದೇಶಕ್ಕೂ ಮೊದಲಿಂದ ಒಪ್ಪಂದ ಇದೆ. ನೀವು ಮೈಸೂರಿಗೆ ಹೋಗಿ ಕೆಲಸ ಮಾಡಿದ ಹಾಗೆ ಅದು. ಯಾರು ಹೇಳಿದ್ದು ನಿಮಗೆ ಇದೆಲ್ಲಾ?"

ಹೊನ್ನಪ್ಪ ಚಿಕ್ಕಸ್ವಾಮಿಯ ಕಡೆ ನೋಡಿದ. ಚಿಕ್ಕಸ್ವಾಮಿ ಅಲ್ಲಿರಲಿಲ್ಲ. ಲೋಕೇಶನ ಕಡೆ ನೋಡಿದ. ಅವನು ಕನ್ನಡಕ ಹಾಕಿಕೊಂಡ. ಹೊನ್ನಪ್ಪ ಸಂತೋಷ ತಡೆಯಲಾರದೆ ಒಳಕ್ಕೆ ಓಡಿದ. "ಬಾದೂರ! ಲೋ ಬಾದೂರ! ಕಾನೂನೇ ಇಲ್ವಂತೆ ಕಣ್ಲಾ ನಿಂಗೆ!"

ಹಿತ್ತಲಲ್ಲಿ ಅರ್ಧ ಉಜ್ಜಿದ ಪಾತ್ರೆ ಇತ್ತು. ಗೋಡೆಗೆ ಒರಗಿ ಚಿಕ್ಕಬೋರಮ್ಮ ಕೂತಿದ್ದಳು.

ಹೊರಗೆ ಬಂದು ಹೊನ್ನಪ್ಪ ಗೆದ್ದವರನ್ನು ಕೈಮುಗಿದು ಬೇಡಿದ. "ನಿಮ್ಗೆಲ್ಲಾ ಬತ್ತದೆ, ಒಪ್ಕೊಂಡೆ. ಈಗ ನಿಮ್ಮಲ್ಲಿ ಯಾರಾದ್ರೂ ಒಬ್ರು ಕೆಲ್ಸಕ್ಕೆ ಬನ್ನಿ ತಾಯಿ."

"ಬತ್ತದೆ ಅಂತ ತೋರ್ಸಕ್ಕೆ ಬಂದೋ ಕಣಣ್ಣ" ಎಂದಳು ಚಿಕ್ಕಮ್ಮ, ಕೋಲು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ನಿನ್ನ ಓಟ್ಲಾಗೆ ದಿನಾ ಬೆಳಿಗ್ಗೆ ಬೆಂಕಿ ಮುಂದೆ ಯಾರು ಸಾಯ್ತಾರೆ?" ಎಂದು ಹೊರಟಳು. ಉಳಿದವರೂ ಹೊರಟರು. ದೇವಯ್ಯ, ಶಾಂತಿಗೆ ಏನೂ ಭಂಗ ಬರಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಎರಡು ಮುದ್ದೆ ಕಟ್ಟಿಸಿಕೊಂಡು ಹೋದ.

ಆಮೇಲಿನದು ಹೇಳುವುದಕ್ಕೆ ಸಂಕಟ. ಬಹದ್ದೂರನನ್ನು ರೈಲ್ವೆ ಸ್ಟೇಷನ್ನಿನಲ್ಲಿ ಹುಡುಕಿದ್ದಾಯಿತು, ಶ್ರೀರಂಗಪಟ್ಟಣದ ಛತ್ರಗಳಲ್ಲಿ ಹುಡುಕಿದ್ದಾಯಿತು. ಲೋಕೇಶ, ಮಸ್ಕತ್ತಿನಲ್ಲಾಗಿದ್ದರೆ ಹೀಗೆ ಓಡಿಹೋಗಲು ಬಿಡುತ್ತಲೇ ಇರಲಿಲ್ಲ ಎಂದು ಹೇಳಿ ವಿಮಾನ ಹತ್ತಿದ. ಹೊನ್ನಪ್ಪ ತಾನೇ ಕೋಲು ಹಿಡಿದು ಮುದ್ದೆ ತಿರುವಿದ. ಮೊದಲ ದಿನ ಗಿರಾಕಿಯೊಬ್ಬ ಮುದ್ದೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳ್ಗೆ ಏನೋ ಐತೆ ಒನ್ನಪ್ಪ, ಸದ್ದು ಬತ್ತದೆ" ಎಂದ. ಎರಡನೆಯ ದಿನ ಅವನು ಕಿಟ್ಟಿಯ ಹೋಟೆಲಿಗೆ ಹೋದ. ವಾರ ತುಂಬುವುದರೊಳಗೆ ಇಡೀ ಬಸ್ ನಿಲ್ದಾಣವೇ ಅಲ್ಲಿಗೆ ಹೋಯಿತು. ನೊಣಗಳು ಮಾತ್ರ ರಸ್ತೆ ದಾಟಿ ಈಚೆಗೆ ಬಂದವು.

ಚಿಕ್ಕಬೋರಮ್ಮ ನೋಡುವಷ್ಟು ನೋಡಿ, ಒಂದು ಬೆಳಗ್ಗೆ ಗಂಡನನ್ನು ಒಲೆಯ ಮುಂದಿನಿಂದ ಏಳಿಸಿದಳು. ಅವನು ಬೇಡ ಎಂದ, ಕೋಲು ಬಚ್ಚಿಟ್ಟ, ಅತ್ತ. ಅವಳು ಸೌದೆಯ ಒಟ್ಟಿಲಿನಿಂದ ಒಂದು ಕೊಂಬೆ ಎಳೆದುಕೊಂಡು ತಿರುವಿದಳು. ಗಿರಾಕಿಗಳು ಒಬ್ಬೊಬ್ಬರೇ ವಾಪಸ್ ಬಂದರು. ಯುಗಾದಿ ಹೊತ್ತಿಗೆ ಅವಳ ತೋಳು ತಲೆ ಬಾಚಿಕೊಳ್ಳಲೂ ಮೇಲಕ್ಕೆ ಏಳುತ್ತಿರಲಿಲ್ಲ.

ಹೀಗಿರುವಾಗ ಲಾರಿ ಡ್ರೈವರೊಬ್ಬ ಉಂಡು ಕೈ ತೊಳೆಯುತ್ತ, "ನಾಗಮಂಗಲದ ಕರಿಯಪ್ಪನ ಓಟ್ಲಾಗೆ ಇಟ್ಟು ಉಣ್ಬೇಕು ಒನ್ನಪ್ಪ. ಬೆಣ್ಣೆ ಬೆಣ್ಣೆ. ನಿನ್ನ ಓಟ್ಲಾಗೆ ಮುಂಚೆ ಆಯ್ತಿತ್ತಲ್ಲ, ಅಂಗೇಯ" ಎಂದ. ಹೊನ್ನಪ್ಪ ಮುಂದಿನ ಬಸ್ಸಿಗೇ ನಾಗಮಂಗಲಕ್ಕೆ ಹೋದ.

ಮೊದಲ ತುತ್ತು ಮುರಿಯುತ್ತಲೇ ಅವನಿಗೆ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಗಲ್ಲಾದಲ್ಲಿ ಕೂತಿದ್ದ ಕರಿಯಪ್ಪ ಖಾರ ಹೆಚ್ಚಾಯಿತೇನೋ ಎಂದು ಮಜ್ಜಿಗೆ ಹಿಡಿದು ತಾನೇ ಎದ್ದು ಬಂದ. ಮಾತಿನ ಮನುಷ್ಯ.

"ಒಳ್ಳೆ ಕೈ ಕಣಪ್ಪ ನಿನ್ನ ಅಡ್ಗೆಯೋನ್ದು" ಎಂದ ಹೊನ್ನಪ್ಪ.

"ನಮ್ ಸಿದ್ದಾನಾ? ದೇವಲಾಪುರದೋನು ಕಣಣ್ಣ."

"ದೇವಲಾಪುರದೋರು ಊಟಕ್ಕೆ ಬಂದ್ರೆ?"

"ಆಗ ಒಣಕೆರೆಯೋನು ಅಂತೀನಿ!" ಕರಿಯಪ್ಪ ಹೊಟ್ಟೆ ಕುಣಿಸಿಕೊಂಡು ನಕ್ಕು, ಬಗ್ಗಿ ದನಿ ತಗ್ಗಿಸಿದ. "ನಿಂತಾವ ಏನು ಮುಚ್ಚುಮರೆ, ಅವ್ನು ಗೂರ್ಖ. ಆದ್ರೆ ಬಾಯಿ ಬುಡಂಗಿಲ್ಲ. ಪಾಂಡವಪುರದಾಗೆ ಒಬ್ಬ ಅವ್ನಂತೆ, ಒನ್ನಪ್ಪನೋ ಚನ್ನಪ್ಪನೋ. ಫಾರಿನ್ ಆಳು ಅಂತ ತಮಟೆ ಒಡ್ಸಿ ಸಾರುಸ್ದನಂತೆ! ಅಂಥ ದಡ್ಡ ಎಲ್ಲಾರ ಉಂಟಾ ಅಣ್ಣ? ಅದ್ಕೇ ನಾನು, ಯಾವತ್ತು ಇವನ ವಿಚಾರ ಈಚ್ಗೆ ಬತ್ತದೋ ಅವತ್ತೇ ಇವನ್ನ ಕಳಿಸ್ಬುಡ್ತೀನಿ. ನಂಗ್ಯಾಕೆ ಪೊಲೀಸು ಗಿಲೀಸು."

ಹೊನ್ನಪ್ಪನೂ ನಕ್ಕ. ನಗದೆ ಇದ್ದರೆ ಗುರುತು ಹತ್ತುತ್ತಿತ್ತು. ಕೈ ತೊಳೆಯುವ ನೆವದಲ್ಲಿ ಹಿಂದಕ್ಕೆ ಹೋದ.

ಬಹದ್ದೂರ ಒಲೆಯ ಮುಂದೆ ಪಾತ್ರೆಯನ್ನು ಕಾಲಲ್ಲಿ ಅದುಮಿಕೊಂಡು ತಿರುವುತ್ತಿದ್ದ. ತಲೆಗೆ ಇಲ್ಲಿಯವರ ಹಾಗೆಯೇ ಟವಲು ಸುತ್ತಿದ್ದ. ಹೊನ್ನಪ್ಪನನ್ನು ನೋಡಿದ. ಮುಖದ ಬಣ್ಣ ಇಳಿಯಿತು.

"ಬಾದೂರ" ಎಂದ ಹೊನ್ನಪ್ಪ ಮೆಲ್ಲಗೆ. "ನಿಂಗೆ ಕಾನೂನೇ ಇಲ್ವಂತೆ ಕಣ್ಲಾ. ಯಾರೂ ಇಡಿಯಂಗಿಲ್ಲ. ಅವತ್ತು ಅವ್ರು ಬಂದದ್ದು ನಿನ್ನ ಒಡಿಯಕ್ಕಲ್ಲ, ಇಟ್ಟು ತಿರುವಕ್ಕೆ."

ಮಾತು ನಿಜವೇ. ಆದರೆ ಹೇಳಿದ ಹೊನ್ನಪ್ಪನಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಊರಿಗೆ ಊರೇ ದೊಣ್ಣೆ ಎತ್ತಿಕೊಂಡು ಪೊಲೀಸರ ಜೊತೆ ಬಂದದ್ದು ಮುದ್ದೆ ತಿರುವಲಿಕ್ಕೆ ಎಂದರೆ ಯಾರು ನಂಬುತ್ತಾರೆ?

"ನೀವ್ಯಾರು ಸ್ವಾಮಿ?" ಎಂದ ಬಹದ್ದೂರ, ಅಪ್ಪಟ ಇಲ್ಲಿಯ ಮಾತಿನಲ್ಲಿ. "ನಾನು ಸಿದ್ದ. ದೇವಲಾಪುರದೋನು."

"ನಿನ್ನವ್ವನ ತೋಳು ಓಯ್ತು ಕಣ್ಲಾ."

ತಿರುವುತ್ತಿದ್ದ ಕೈ ನಿಂತಿತು. ತಿರುವುವಾಗ ಕೈ ನಿಲ್ಲಿಸಬಾರದು, ಅದು ಅವನಿಗೂ ಗೊತ್ತು, ಹೊನ್ನಪ್ಪನಿಗೂ ಗೊತ್ತು. ಬಹದ್ದೂರನ ತುಟಿ ಅಲುಗಿತು. ಆಮೇಲೆ ಮತ್ತೆ ತಿರುವತೊಡಗಿದ. "ನಾನು ದೇವಲಾಪುರದೋನು ಸ್ವಾಮಿ" ಎಂದ, ಪಾತ್ರೆಯನ್ನು ನೋಡುತ್ತ. ಕಣ್ಣೀರು ಟವಲಿನ ತುದಿಗೆ ಇಳಿಯುತ್ತಿತ್ತು. "ಬುಟ್ಬುಡಿ ಸ್ವಾಮಿ. ಇಲ್ಲಿ ಯಾರೂ ಏನೂ ಕೇಳಲ್ಲ."

ಮುಂಗಡೆಯಿಂದ ಕರಿಯಪ್ಪ ಕೂಗಿದ: "ಏನಣ್ಣ, ಗುರುತಿನೋನಾ?"

ಹೊನ್ನಪ್ಪ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಾಂಡವಪುರದ ಹೊನ್ನಪ್ಪ ನಾನೇ ಎಂದಿದ್ದರೆ, ಕರಿಯಪ್ಪ ಹೆದರಿ ಬಹದ್ದೂರನನ್ನು ಆ ಕ್ಷಣವೇ ಬೀದಿಗೆ ಬಿಡುತ್ತಿದ್ದ. ಬೀದಿಗೆ ಬಿದ್ದವನನ್ನು ಕೈ ಹಿಡಿದು ಬಸ್ಸು ಹತ್ತಿಸಬಹುದಿತ್ತು. ನಾಳೆ ಬೆಳಗ್ಗೆ ಚಿಕ್ಕಬೋರಮ್ಮ ಒಲೆ ಮುಂದೆ ಕೂರುವ ಗತಿ ಇರುತ್ತಿರಲಿಲ್ಲ. ಹೊನ್ನಪ್ಪ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕಂಡ, ಬಹದ್ದೂರನ ನಡುಗುವ ಬೆನ್ನನ್ನೂ ಕಂಡ.

"ಇಲ್ಲ ಕಣಪ್ಪ" ಎಂದ. "ಬೇರೆ ಯಾರೋ ಅಂದ್ಕೊಂಡೆ."

ಹೊರಗೆ ಬಂದು ಉಳಿದ ಮುದ್ದೆಯನ್ನು ಬಿಡದೆ ಉಂಡ. ಮನೆಗೆ ಬಂದಾಗ ಚಿಕ್ಕಬೋರಮ್ಮ ತೋಳಿಗೆ ಬಿಸಿ ಎಣ್ಣೆ ಹಚ್ಚಿಕೊಂಡು ಬಾಗಿಲಲ್ಲಿ ಕೂತಿದ್ದಳು.

"ಸಿಕ್ಕುದ್ನಾ?"

"ಇಲ್ಲ ಕಣಮ್ಮಿ. ಅವನ ದೇಸಕ್ಕೆ ಓಗ್ಬುಟ್ಟವ್ನಂತೆ."

ಅವಳು ರಸ್ತೆಯ ಕಡೆ ನೋಡಿದಳು. ಆಮೇಲೆ ಮುಖದಲ್ಲಿ ಒಂದು ನೆಮ್ಮದಿ ಬಂತು. ಬಹಳ ದಿನದ ಮೇಲೆ ಹೊನ್ನಪ್ಪ ಅದನ್ನು ಕಂಡ.

"ಒಳ್ಳೇದಾಯ್ತು ಬುಡಿ" ಎಂದಳು. "ಅಲ್ಲಾದ್ರೆ ಫಾರಿನ್ನೋನು ಅನ್ನಲ್ಲ, ಅವನ ಎಸರಿಡಿದು ಕರೀತಾರೆ."